ಕಬ್ಬಣದ ಗುಳಿಗಿ

ಆ ಮಧ್ಯಾಹ್ನ ನನ್ನ ತಲೆ ಮೊದಲೇ ಕೆಟ್ಟಿತ್ತು. ಧಾರವಾಡದ ಗೆಳತಿಯಿಂದ ಸಂದೇಶ ಬಂದಿತ್ತು. ನಾವಿಬ್ಬರೂ ಒಂದು ಅಣುವಿನ ಬೆನ್ನು ಹತ್ತಿ ಬಹಳ ಕಾಲವಾಗಿತ್ತು. ನಾನು ಗೋಕಾಕಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅಣುಗಳ ನಕ್ಷೆ ಹಾಕುತ್ತೇನೆ. ಅವಳು ತನ್ನ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿ, ತಟ್ಟೆಯಲ್ಲಿ ಬೆಳೆಸಿದ ಹೃದಯದ ಜೀವಕೋಶಗಳಿಗೆ ಹಾಕಿ ನೋಡುತ್ತಾಳೆ. ಆ ಕೋಶಗಳಲ್ಲಿ ಸೇರಿಕೊಂಡ ಹೆಚ್ಚಿನ ಕಬ್ಬಿಣವನ್ನು ಹಿಡಿದು ಹೊರಗೆ ತರಬೇಕು, ಅದು ನಮ್ಮ ಅಣುವಿನ ಕೆಲಸ. ಸಂದೇಶದಲ್ಲಿ ಇದ್ದದ್ದು ಇಷ್ಟೇ: ನಮ್ಮ ಅಣು ಹಾಕಿದ ಕೋಶಗಳಲ್ಲಿ ಕಬ್ಬಿಣ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನನಗೆ ಸಿಟ್ಟು ಬೇಗ ಬರುತ್ತದೆ. ಅದೂ ಲೆಕ್ಕ ತಪ್ಪಿದಾಗ ಬರುವ ಸಿಟ್ಟಿಗೆ ಎದುರಿಗೆ ಮನುಷ್ಯರೂ ಬೇಕಾಗಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ಸಪ್ಪಳಕ್ಕೆ ಇತಿಹಾಸದ ಮೇಷ್ಟ್ರು ತಲೆಯೆತ್ತಿ ನೋಡಿ, ಮತ್ತೆ ಪೇಪರಿನೊಳಗೆ ಹೋದರು.

ಕಬ್ಬಿಣ ಹಿಡಿಯುವ ಔಷಧಗಳು ಈಗಲೂ ಇವೆ. ಏಡಿ ಕೊಂಡಿಯಲ್ಲಿ ಹಿಡಿದಂತೆ ಅವು ಕಬ್ಬಿಣವನ್ನು ಸುತ್ತಲಿಂದ ಕಚ್ಚಿಕೊಳ್ಳುತ್ತವೆ. ಆದರೆ ಬಿಗಿಯಾಗಿ ಹಿಡಿಯುವ ಔಷಧಕ್ಕೆ ಹೃದಯದ ಕೋಶದ ಜಿಡ್ಡಿನ ಪೊರೆ ದಾಟುವುದು ಕಷ್ಟ. ದಾಟುವ ಔಷಧವನ್ನು ದಿನಕ್ಕೆ ಮೂರು ಹೊತ್ತು ನುಂಗಬೇಕು. ಹೊಟ್ಟೆ ತೊಳಸುತ್ತದೆ, ಕೀಲು ಹಿಡಿಯುತ್ತವೆ. ಹಾಗಾಗಿ ಬಿಗಿಯಾಗಿ ಹಿಡಿಯುವ ಔಷಧಕ್ಕೇ ಒಂದು ತುಣುಕು ಜೋಡಿಸಿ, ಕೋಶ ತಾನಾಗಿ ಅದನ್ನು ಒಳಗೆ ಕರೆದುಕೊಳ್ಳುವಂತೆ ಮಾಡುವುದು ನಮ್ಮ ಉಪಾಯ. ನಮ್ಮದು ಕುರಿ ಸಾಕುವ ಮನೆತನ. ಕಲ್ಲೋಳಿಯಲ್ಲಿರುವ ನನ್ನ ತಮ್ಮನಿಗೆ ಇದನ್ನು ಅವನ ಭಾಷೆಯಲ್ಲೇ ಹೇಳಿದ್ದೆ. ತಾಯಿ ಸತ್ತ ಮರಿಯನ್ನು ಬೇರೆ ಕುರಿ ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಆ ಕುರಿಯ ಹಾಲನ್ನೇ ಮರಿಯ ಮೈಗೆ ಸವರಿ ಬಿಟ್ಟರೆ ಮೂಸಿ ನೋಡಿ, ತನ್ನದೇ ಎಂದುಕೊಂಡು ಕೆಚ್ಚಲಿಗೆ ಬಿಡುತ್ತದೆ. ನಾನು ಔಷಧಕ್ಕೆ ಹಾಲು ಸವರುತ್ತಿದ್ದೇನೆ ಎಂದೆ.

"ಇಷ್ಟಕ್ಕ ಅಷ್ಟೆಲ್ಲಾ ಓದಬೇಕಾತೇನ ಅಕ್ಕಾ?" ಎಂದು ಅವನು ನಕ್ಕಿದ್ದ. ಅಂದಿನಿಂದ ಬಂದವರಿಗೆಲ್ಲ ಹೇಳತೊಡಗಿದ: ನಮ್ಮ ಅಕ್ಕ ಔಷಧ ಮಾಡಾಕತ್ತಾಳ, ಇನ್ನೇನ ಬಂತ.

ಈಗ ಆಗಿದ್ದು ಬೇರೆ. ನಮ್ಮ ಅಣು ದಾರಿಯಲ್ಲೇ ಕೊಂಡಿ ತೆರೆದುಕೊಂಡು ಹೋಗಿತ್ತು. ಕೋಶ ಮುಟ್ಟುವ ಮೊದಲೇ ಸುತ್ತಲಿನ ದ್ರವದಲ್ಲಿದ್ದ ಕಬ್ಬಿಣವನ್ನು ಕಚ್ಚಿಕೊಂಡು, ಅದನ್ನೂ ಹೊತ್ತು ಒಳಗೆ ನಡೆದಿತ್ತು. ಹೋಗುವಾಗ ಕೊಂಡಿ ಮುಚ್ಚಿರಬೇಕು, ಒಳಗೆ ಹೋದ ಮೇಲೆ ತೆರೆಯಬೇಕು. ಇದನ್ನು ಮಾಡುವುದು ಹೇಗೆ ಎಂದು ಯೋಚಿಸುತ್ತಿರುವಾಗ ಫೋನು ಬಂತು. ತಮ್ಮನ ಮಗಳು.

ಅವಳಿಗೆ ಥಲಸ್ಸೀಮಿಯಾ. ಮೈಗೆ ಬೇಕಾದಷ್ಟು ರಕ್ತ ಅವಳೊಳಗೆ ತಯಾರಾಗುವುದಿಲ್ಲ. ಚಿಕ್ಕಂದಿನಿಂದ ಕೆಲವು ವಾರಗಳಿಗೊಮ್ಮೆ ಗೋಕಾಕಿಗೆ ಬಂದು ರಕ್ತ ಹಾಕಿಸಿಕೊಂಡು ಹೋಗುತ್ತಾಳೆ. ಹಾಕಿದ ರಕ್ತದ ಜೊತೆ ಕಬ್ಬಿಣವೂ ಬರುತ್ತದೆ. ಅದನ್ನು ಹೊರಹಾಕುವ ದಾರಿ ನಮ್ಮ ಯಾರ ಮೈಯಲ್ಲೂ ಇಲ್ಲ. ಅದು ಮೊದಲು ಯಕೃತ್ತಿನಲ್ಲಿ ಕೂರುತ್ತದೆ, ಆಮೇಲೆ ಹೃದಯದಲ್ಲಿ. ಹೋದ ಸಲದ ಸ್ಕ್ಯಾನಿನಲ್ಲಿ ಹೃದಯಕ್ಕೂ ಹತ್ತಿದೆ ಎಂದು ಗೊತ್ತಾಗಿತ್ತು. ಕಬ್ಬಿಣ ತೆಗೆಯುವ ಕ್ಯಾಪ್ಸೂಲನ್ನು ಒಂದು ಹೊತ್ತೂ ತಪ್ಪಿಸಬೇಡಿ, ಈ ವಯಸ್ಸಿನಲ್ಲಿ ಹೃದಯ ನಿಂತರೆ ನಮ್ಮಿಂದೇನೂ ಮಾಡಲಾಗದು ಎಂದು ಡಾಕ್ಟರು ನಮ್ಮ ಮುಖ ನೋಡಿ ಹೇಳಿದ್ದರು. ಮೂಡಲಗಿಯ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿಸಿ, ರಕ್ತ ಹಾಕಿಸಿಕೊಂಡವಳೇ ಹುಕ್ಕೇರಿಯ ಸೋದರಮಾವನ ಮನೆಗೆ ಹೋಗಿ ಕೆಲವು ವಾರವಾಗಿತ್ತು. ಅಲ್ಲಿ ಅವಳ ಮಾಮಿ ಬಾಣಂತಿ. ಕೂಸು ಆಡಿಸಲು ಇವಳಿಗೆ ಎಲ್ಲಿಲ್ಲದ ಹುರುಪು.

"ಅತ್ಯಾ, ನಿನ್ನ ಗುಳಿಗಿ ಭಾಳ ಛಲೋ ಅದಾವ!" ಎಂದಳು. ದನಿಯಲ್ಲಿ ನಗು ತುಳುಕುತ್ತಿತ್ತು.

"ನನ್ನ ಗುಳಿಗಿ ಯಾವುವು?"

"ಅದ, ಹೊಸಾವು. ಹಳೇವು ಮುಗದುವಲ್ಲ, ಮಾಮಾ ಇವನ್ನ ಕೊಟ್ಟಾನ. ಹೊಟ್ಟಿ ತೊಳಸಂಗಿಲ್ಲ, ಮೊಣಕಾಲ ಹಿಡಿಯಂಗಿಲ್ಲ. ಕೆಂಪಗ ಹೋಗೂದೂ ನಿಂತೈತಿ. ಒಂದ ಹೊತ್ತೂ ತಪ್ಪಿಸಿಲ್ಲ ನೋಡ, ನಿನ್ನ ಆಣಿ."

ಅವಳ ಹಳೆಯ ಕ್ಯಾಪ್ಸೂಲು ನುಂಗಿದರೆ ಮೂತ್ರ ಕೆಂಪಗೆ ಹೋಗುತ್ತದೆ. ಔಷಧ ಹಿಡಿದ ಕಬ್ಬಿಣ ಹೊರಗೆ ಹೋಗುತ್ತಿದೆ ಎಂಬುದಕ್ಕೆ ಅದೇ ಗುರುತು. ಅದು ನಿಂತಿದೆ ಎಂದು ಹುಡುಗಿ ಸಂಭ್ರಮ ಪಡುತ್ತಿದ್ದಾಳೆ.

"ಯಾವ ಬಣ್ಣದ ಗುಳಿಗಿ ಅವು? ಎಲ್ಲಿದ್ದುವು?"

"ಸಣ್ಣವು, ಕೆಂಪನ್ನವು. ಮಾಮಿ ಡಬ್ಬ್ಯಾಗ ಇದ್ದುವು."

ಬಾಣಂತಿಯ ಡಬ್ಬಿ. ಬಸುರಿ ಬಾಣಂತಿಯರಿಗೆ ರಕ್ತ ಏರಲೆಂದು ಕೊಡುವ ಕಬ್ಬಿಣದ ಮಾತ್ರೆ.

"ಎದಿ ಹೆಂಗೈತಿ?" ಎಂದು ಕೇಳಿದೆ. ದನಿ ಸರಿಯಾಗಿಟ್ಟುಕೊಳ್ಳಲು ಮೇಜು ಹಿಡಿದುಕೊಂಡಿದ್ದೆ.

"ಒಮ್ಮೊಮ್ಮಿ ಡಬಡಬ ಅಂತೈತಿ. ನಿನ್ನಿ ಮಾಳಿಗಿ ಹತ್ತುವಾಗ ಕಣ್ಣಿಗಿ ಕತ್ತಲಿ ಬಂದಂಗಾತು. ಬಿಸಲೈತಲ್ಲ, ಅದಕ್ಕ."

"ಆ ಗುಳಿಗಿ ಇನ್ನ ಮುಟ್ಟಬ್ಯಾಡ. ಸುಮ್ಮನ ಮಲ್ಕೊ. ಕೂಸನ್ನೂ ಎತ್ತಬ್ಯಾಡ. ನಾ ಬರಾಕತ್ತೇನಿ."

"ಯಾಕ ಅತ್ಯಾ? ಏನಾತು?"

ಬಂದು ಹೇಳುತ್ತೇನೆ ಎಂದು ಫೋನಿಟ್ಟೆ. ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಓಡುತ್ತ ನನಗೆ ಎಲ್ಲ ಹೊಳೆಯಿತು. ನಮ್ಮ ಮನೆಯಲ್ಲಿ ಅವಳ ಔಷಧಕ್ಕೆ ಮೊದಲಿನಿಂದ ಕಬ್ಬಣದ ಗುಳಿಗಿ ಎಂದೇ ಹೆಸರು. ತಪ್ಪೇನಿದೆ ಅದರಲ್ಲಿ? ತಲೆನೋವಿನ ಗುಳಿಗೆ ಎಂದರೆ ತಲೆನೋವು ತೆಗೆಯುವುದು. ಜ್ವರದ ಗುಳಿಗೆ ಎಂದರೆ ಜ್ವರ ಇಳಿಸುವುದು. ಕಬ್ಬಿಣ ತೆಗೆಯುವುದು ಕಬ್ಬಣದ ಗುಳಿಗಿಯಲ್ಲದೆ ಇನ್ನೇನು? ಆದರೆ ಹುಕ್ಕೇರಿಯ ಮನೆಯಲ್ಲಿ, ಎಲ್ಲರ ಮನೆಗಳಲ್ಲಿ, ಕಬ್ಬಣದ ಗುಳಿಗಿ ಎಂದರೆ ಕಬ್ಬಿಣ ಕೊಡುವುದು. ಒಂದೇ ಮಾತು, ಎರಡು ಮನೆ. ನಡುವೆ ನಮ್ಮ ಹುಡುಗಿ.

ಬಸ್ಸು ಹತ್ತಿ ತಮ್ಮನಿಗೆ ಫೋನು ಮಾಡಿ, ಹುಡುಗಿ ತನ್ನ ಔಷಧ ನುಂಗಿಲ್ಲ ಎಂದೆ. ಅವಳ ಹಳೆಯ ಕ್ಯಾಪ್ಸೂಲು, ಆಸ್ಪತ್ರೆಯ ಕಾಗದ ತೆಗೆದುಕೊಂಡು ಬೆಳಗಾವಿಗೆ ಹೊರಡು, ನಾನು ಅವಳನ್ನು ಕರೆದುಕೊಂಡು ಅಲ್ಲಿಗೇ ಬರುತ್ತೇನೆ ಎಂದೆ. ಅವನ ಹೆಂಡತಿ ಫೋನು ಕಸಿದುಕೊಂಡಳು.

"ನಾ ದಿನಾ ಫೋನ್ ಮಾಡತಿದ್ನಿರಿ ಅಕ್ಕಾರ. ಕಬ್ಬಣದ ಗುಳಿಗಿ ತಗೊಂಡಿ ಅಂತ ದಿನಾ ಕೇಳತಿದ್ನಿ. ತಗೊಂಡೇನಿ ಯವ್ವಾ ಅಂತಿದ್ಳು. ಸುಳ್ಳ ಹೇಳತಿದ್ಳೇನ್ರಿ?"

"ಸುಳ್ಳಲ್ಲ" ಎಂದೆ. "ಖರೇನ ಹೇಳತಿದ್ಳು."

ಆ ಕಡೆ ಅವಳು ಅಳತೊಡಗಿದಳು. ಸುಳ್ಳು ಹೇಳಿದವರು ಒಬ್ಬರಾದರೂ ಇದ್ದಿದ್ದರೆ ಬೈಯಲು ನನಗೂ ಅನುಕೂಲವಾಗುತ್ತಿತ್ತು.

ಕಬ್ಬಿನ ಸೀಸನ್ ಮುಗಿಯುವ ಹೊತ್ತು. ಘಟಪ್ರಭಾ ದಾಟುವವರೆಗೆ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಹಾಡು ಜೋರು ಹಚ್ಚಿಕೊಂಡು ಹೋಗುವ ಆ ಡ್ರೈವರುಗಳಿಗೆ ಹಿಂದಿನ ಹಾರ್ನು ಕೇಳುವುದೇ ಇಲ್ಲ. ನಾನು ಕಿಟಕಿಯ ಸರಳು ಹಿಡಿದು, ಹುಕ್ಕೇರಿಯ ಮಾಮನಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಕಂಡ ಗುಳಿಗೆ ಕೊಡಲು ನೀನೇನು ಡಾಕ್ಟರೋ? ಒಂದು ಫೋನು ಮಾಡಿ ಕೇಳಲು ಬಾಯಿಗೇನಾಗಿತ್ತು? ಇನ್ನೂ ಕೆಟ್ಟ ಮಾತುಗಳೂ ಇದ್ದವು. ನಡುನಡುವೆ ಹುಡುಗಿಗೆ ಫೋನು ಮಾಡುತ್ತಿದ್ದೆ. ಎರಡು ಸಲ ಎತ್ತಿದಳು. ಮೂರನೆಯ ಸಲ ಎತ್ತಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು "ಯಾಕ್ರಿ ಅಕ್ಕಾರ, ಯಾರಿಗರ ಆರಾಮಿಲ್ಲೇನ್ರಿ?" ಎಂದು ಕೇಳಿದಳು. ನಾನು ಮತ್ತೆ ನಂಬರು ಒತ್ತಿದೆ.

ಮಲಗಿ ನಿದ್ದೆ ಹತ್ತಿತ್ತಂತೆ, ಅಷ್ಟೇ. ನಾನು ಹೋದಾಗ ಪಡಸಾಲೆಯಲ್ಲಿ ಎದ್ದು ಕೂತಿದ್ದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಸರಿಯಾಗಿ ಹೋಗುತ್ತಿತ್ತು, ಇದ್ದಕ್ಕಿದ್ದಂತೆ ಓಡಿತು, ಒಂದು ಬಡಿತ ತಪ್ಪಿತು, ಮತ್ತೆ ಓಡಿತು.

ಮಾಮ ಬಾಗಿಲಿಗೆ ಒರಗಿ ನಿಂತಿದ್ದ. ನನ್ನ ಮುಖ ನೋಡಿಯೇ ಅವನಿಗೆ ಅರ್ಧ ತಿಳಿದಿತ್ತು.

"ಕಬ್ಬಣದ ಗುಳಿಗಿ ಮುಗದುವು ಅಂದ್ಳರಿ ಅಕ್ಕಾರ. ಮನ್ಯಾಗ ಬೇಕಾದಷ್ಟ ಇದ್ದುವು, ಕೊಟ್ನಿ. ಇವು ಬ್ಯಾರೆ ಅದಾವಲ್ಲ ಮಾಮಾ ಅಂದ್ಳು. ನಿಮ್ಮ ಅತ್ಯಾ ಮಾಡಿದ ಹೊಸಾವು ಇರಬೇಕ ಬಿಡ ಅಂದ್ನಿ. ಚಾಷ್ಟಿ ಮಾಡಿದ್ನಿರಿ. ಆಕಿ ಖರೇ ಅಂತ ತಿಳ್ಕೊತಾಳ ಅಂತ ನನಗೇನ ಗೊತ್ತರಿ?"

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಒಳಗಿನಿಂದ ಬಾಣಂತಿ ಕೂಸನ್ನು ಎದೆಗವಚಿಕೊಂಡು ಬಂದು, ನಾನೂ ತಿನ್ನಬಾರದೇನ್ರಿ ಅವನ್ನ, ಎಂದು ಹೆದರಿ ಕೇಳಿದಳು. ನೀನು ತಿನ್ನಲೇಬೇಕು, ನಿನಗೆ ಅವೇ ಔಷಧ ಎಂದು ಹೇಳುವಾಗ ನನಗೇ ತಲೆ ತಿರುಗಿದಂತಾಯಿತು.

ಮಾಮ ಕರೆಸಿದ ಬಾಡಿಗೆ ಗಾಡಿ ಬಂತು. ಹತ್ತಿರ ಆಗತೈತಿ, ಗೋಕಾಕಕ್ಕ ಹೋಗೂಣ್ರಿ ಎಂದ ಮಾಮ. ಬೇಡ ಎಂದೆ. ರಕ್ತ ಹಾಕಿಸುವುದಾದರೆ ಗೋಕಾಕು ಸರಿ. ಇದು ಹೃದಯದ ಮಾತು, ಬೆಳಗಾವಿಗೇ ಹೋಗಬೇಕು. ದೂರದ ದಾರಿ ಆರಿಸಿದವಳು ನಾನು. ದಾರಿಯಲ್ಲಿ ಏನಾದರೂ ಆದರೆ ಅದೂ ನನ್ನ ತಲೆಯ ಮೇಲೆ ಎಂದು ಗೊತ್ತಿತ್ತು. ಮಾಮ ಮುಂದೆ ಡ್ರೈವರನ ಪಕ್ಕ ಕೂತ. ಹಿಂದೆ ನಾನು, ನನ್ನ ತೊಡೆಯ ಮೇಲೆ ಅವಳ ತಲೆ.

ಹತ್ತರಗಿಯಲ್ಲಿ ಹೆದ್ದಾರಿ ಸೇರುವ ಕಡೆ ಲಾರಿಗಳು ನಿಂತುಬಿಟ್ಟಿದ್ದವು. ಮುಂದೆ ಯಾವುದೋ ಗಾಡಿ ಕೆಟ್ಟಿತ್ತು. ಮಾಮ ಇಳಿದು, ಲಾರಿಗಳ ಬಾಗಿಲು ಬಡಿದು, ಕೈ ಮುಗಿದು ದಾರಿ ಕೇಳುತ್ತ ಮುಂದೆ ನಡೆದ. ಅದೇ ಹೊತ್ತಿಗೆ ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು.

"ಬಂತ ಅತ್ಯಾ. ಓಡಾಕತ್ತೈತಿ."

"ಕಣ್ಣ ಮುಚ್ಚಬ್ಯಾಡ. ನನ್ನ ನೋಡ. ನನ್ನ ಜೋಡಿ ಮಾತಾಡ."

ಅವಳ ಕೊರಳ ನರ ಹಾರುವುದು ಕಣ್ಣಿಗೆ ಕಾಣುತ್ತಿತ್ತು. ಹೃದಯದ ಕೋಶವನ್ನು ನಾನು ಎಷ್ಟು ಸಲ ತೆರೆಯ ಮೇಲೆ ಬರೆದಿದ್ದೇನೆ. ಪೊರೆ ಹೀಗೆ, ಬಾಗಿಲು ಹೀಗೆ, ಕಬ್ಬಿಣ ಕೂರುವ ಜಾಗ ಹೀಗೆ. ಈಗ ಅದು ನನ್ನ ತೊಡೆಯ ಮೇಲೆ ಹೊಡೆದುಕೊಳ್ಳುತ್ತಿತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟು ಹೆದರಿಕೆ ನನಗೆ ಅದುವರೆಗೆ ಯಾವತ್ತೂ ಆಗಿರಲಿಲ್ಲ.

"ಅತ್ಯಾ" ಎಂದಳು, ಉಸಿರು ಹಿಡಿದು ಹಿಡಿದು. "ನಿನ್ನ ಗುಳಿಗಿ ನನಗ ಹಿಡಸಲಿಲ್ಲ ಅಂತ ಯಾರ ಮುಂದೂ ಹೇಳಬ್ಯಾಡ. ಮಂದಿ ನಿನಗ ಹೆಸರ ಇಡತಾರ."

ನಾನು ಸುಮ್ಮನಿರಬಹುದಿತ್ತು. ಆಸ್ಪತ್ರೆ ತಲುಪಿದ ಮೇಲೆ ಹೇಳಬಹುದಿತ್ತು. ಆದರೆ ಆ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಅವು ನನ್ನವಲ್ಲ. ಮಾಮಿಯ ಗುಳಿಗಿ ಅವು. ಕಬ್ಬಣ ತಗಿಯೂವಲ್ಲ, ಕಬ್ಬಣ ಹಾಕೂವು. ನನ್ನ ಔಷಧ ಇನ್ನ ಆಗಿಲ್ಲ."

ಅವಳು ನನ್ನನ್ನು ನೋಡುತ್ತಿದ್ದವಳು ಮುಖ ಆಚೆ ತಿರುಗಿಸಿದಳು. ಕೈ ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನಾಡಿ ನಿಧಾನವಾಯಿತು, ಲಾರಿಗಳೂ ಸರಿದವು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ಪರದೆಯ ಕೆಳಗೆ ಮಲಗಿಸಿದರು. ಪರದೆಯ ಮೇಲೆ ಗೆರೆ ಓಡುತ್ತಿತ್ತು. ಸರಿಯಾಗಿ ಓಡುತ್ತ ಓಡುತ್ತ ಒಮ್ಮೆಲೇ ಗೋಜಲಾಗುತ್ತಿತ್ತು. ಆಗೆಲ್ಲ ನರ್ಸು ಬಂದು ನೋಡಿ ಹೋಗುತ್ತಿದ್ದಳು. ಲಯ ಹಿಡಿತಕ್ಕೆ ತರುವ ಔಷಧ ಕೊಟ್ಟರು. ಕಬ್ಬಿಣ ತೆಗೆಯುವ ಕ್ಯಾಪ್ಸೂಲಿನ ಜೊತೆಗೆ ಇನ್ನೊಂದು ಔಷಧವನ್ನೂ ನರದೊಳಗೆ ಹನಿಹನಿಯಾಗಿ ಬಿಡತೊಡಗಿದರು. ತಮ್ಮ ಮತ್ತು ಅವನ ಹೆಂಡತಿ ಬಂದರು. ತಮ್ಮ ಪರದೆಯನ್ನೇ ನೋಡುತ್ತ ನಿಂತ. ಅವನಿಗೆ ಆ ಗೆರೆಗಳ ಅರ್ಥ ತಿಳಿಯದು, ಆದರೂ ಕಣ್ಣು ಕೀಳಲಿಲ್ಲ. ಮಾಮ ಒಳಗೆ ಬರಲು ಹೆದರಿ ಮೆಟ್ಟಿಲ ಮೇಲೆ ಕೂತಿದ್ದ. ಅವನ ಅಕ್ಕ, ನನ್ನ ತಮ್ಮನ ಹೆಂಡತಿಯೇ ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು.

ಮರುದಿನ ಡಾಕ್ಟರು, ಹೃದಯ ಮಾತು ಕೇಳುತ್ತಿದೆ ಎಂದರು. ಇನ್ನೂ ಕೆಲವು ದಿನ ಇಲ್ಲೇ ಇರಲಿ ಎಂದರು. ನಾನು ಗುಳಿಗೆ ಅದಲುಬದಲಾದ ಕಥೆ ಹೇಳಿದೆ. ಅವರು ಕೇಳಿ, ತಲೆ ಅಲ್ಲಾಡಿಸಿದರು. ಕೆಲವು ವಾರ ಬಾಣಂತಿಯ ಮಾತ್ರೆ ತಿಂದಿದ್ದಕ್ಕೆ ಹೃದಯ ಈ ಸ್ಥಿತಿಗೆ ಬರುವುದಿಲ್ಲ, ಅದರಿಂದ ಸೇರುವ ಕಬ್ಬಿಣ ಹಾಕಿಸಿಕೊಂಡ ರಕ್ತದ ಮುಂದೆ ಏನೂ ಅಲ್ಲ. ನಿಜವಾದ ಔಷಧ ಬಹಳ ಹಿಂದಿನಿಂದಲೇ ಸರಿಯಾಗಿ ಹೋಗಿಲ್ಲ, ನೀವೇ ಕೇಳಿ ನೋಡಿ ಎಂದರು.

ತಮ್ಮ ಮತ್ತು ಅವನ ಹೆಂಡತಿ ಚಹಾಕ್ಕೆ ಇಳಿದಾಗ ಕೇಳಿದೆ. ಹುಡುಗಿ ಛಾವಣಿಯ ಕಡೆ ಮುಖ ತಿರುಗಿಸಿದಳು.

"ಮಧ್ಯಾಹ್ನದ್ದು ನುಂಗತಿರಲಿಲ್ಲ" ಎಂದಳು. "ಕಾಲೇಜನ್ಯಾಗ ವಾಂತಿ ಬರತೈತಿ. ಒಮ್ಮೊಮ್ಮಿ ರಾತ್ರೀದೂ ಒಗೀತಿದ್ನಿ."

"ಡಾಕ್ಟರ ಅಷ್ಟ ಹೇಳಿದ್ರಲ್ಲ. ಎದಿಗಿ ಹತ್ತೈತಿ ಅಂತ ಗೊತ್ತಿತ್ತಲ್ಲ ನಿನಗ?" ನನ್ನ ದನಿ ಏರಿತು. ಬಾಜೂ ಹಾಸಿಗೆಯವರು ತಿರುಗಿ ನೋಡಿದರು.

"ನಿನ್ನ ಔಷಧ ಬರತೈತಲ್ಲ ಅಂತ ಅತ್ಯಾ." ಅವಳೂ ದನಿ ಏರಿಸಿದಳು. "ಅಪ್ಪ ಮಂದಿ ಮುಂದೆಲ್ಲಾ ಹೇಳತಿದ್ದ, ಇನ್ನೇನ ಬಂತ, ಇನ್ನೇನ ಬಂತ ಅಂತ. ನೀನೂ ಅಲ್ಲೇ ಕೂತಿರತಿದ್ದಿ. ಒಂದ ದಿನಾನೂ ಇಲ್ಲ ಅನ್ನಲಿಲ್ಲ. ಅಲ್ಲೀತನಾ ಒಂದೀಟ ಕಡಿಮಿ ತಗೊಂಡ್ರ ಏನಾಗತೈತಿ, ಬಂದ ಮ್ಯಾಲ ನಿನ್ನವು ಬರೊಬ್ಬರಿ ತಗೊಂಡ್ರಾತು ಅಂತಿದ್ನಿ. ನಿನ್ನವು ಅಂತ ತಿಳ್ಕೊಂಡಿದ್ದಕ್ಕ ಅವನ್ನ ಒಂದೂ ತಪ್ಪಿಸಲಿಲ್ಲ."

ಮಂಚದ ಅಂಚಿನಲ್ಲಿ ಕೂತೆ. ತಮ್ಮ ಹಾಗೆ ಹೇಳುವಾಗ ನನಗೆ ಒಳಗೊಳಗೇ ಹಿತವಾಗುತ್ತಿತ್ತು, ಅದು ಸುಳ್ಳಲ್ಲ. ಅದೇ ಮಾತನ್ನು ಈ ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ತನ್ನ ಔಷಧ ಚೆಲ್ಲುತ್ತಾಳೆ ಎಂದು ಯಾವ ಲೆಕ್ಕದಲ್ಲೂ ನಾನು ಹಿಡಿದಿರಲಿಲ್ಲ.

"ಖರೆ ಹೇಳ" ಎಂದಳು. "ಯಾವಾಗ ಬರತೈತಿ?"

ಪರದೆಯ ಮೇಲೆ ಗೆರೆ ಓಡುತ್ತಿತ್ತು. ಅದನ್ನು ನೋಡಿಕೊಂಡೇ ಹೇಳಿದೆ. ನಮ್ಮ ಅಣು ಕಬ್ಬಿಣ ತೆಗೆಯುವ ಬದಲು ಒಳಗೆ ಒಯ್ದಿದೆ, ಈಗ ಮತ್ತೆ ಮೊದಲಿನಿಂದ ಮಾಡಬೇಕು, ಆಮೇಲೆ ಪ್ರಾಣಿಗಳ ಮೇಲೆ ನೋಡಬೇಕು, ಆಮೇಲೆ ಮನುಷ್ಯರ ಮೇಲೆ. ಎಷ್ಟೋ ವರ್ಷ ಹಿಡಿಯುತ್ತದೆ. ಆಗದೆಯೂ ಹೋಗಬಹುದು.

"ನಿನಗ ಬರತೈತಿ ಅಂತ ಹೇಳಾಕ ನನಗ ಆಗೂದಿಲ್ಲ" ಎಂದೆ.

ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ, ಎರಡಕ್ಕೂ ತಯಾರಾಗಿದ್ದೆ. ಅವಳು ಸೂಜಿ ಇಲ್ಲದ ಕೈಯನ್ನು ಚಾಚಿದಳು.

"ಹಂಗಾರ ಇರೂದನ್ನ ಕೊಡ."

ಮಧ್ಯಾಹ್ನದ ಕ್ಯಾಪ್ಸೂಲು ನರ್ಸು ಇಟ್ಟು ಹೋದ ಬಟ್ಟಲಲ್ಲೇ ಇತ್ತು. ಅಂಗೈಗೆ ಹಾಕಿದೆ, ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದೆ. ನುಂಗಿದಳು. ಓಕರಿಕೆ ಬಂದದ್ದನ್ನು ಬಾಯಿಗೆ ಕೈ ಒತ್ತಿ ತಡೆದಳು. ಅದು ಇಳಿದು ಹೋಗುವವರೆಗೆ ನಾನೂ ಉಸಿರಾಡಲಿಲ್ಲ. ಲೋಟ ನನ್ನ ಕೈಗೆ ತಿರುಗಿ ಕೊಡುತ್ತ ಕೇಳಿದಳು:

"ರಾತ್ರೀದು ಎಷ್ಟ ಗಂಟೆಕ್ಕ?"